ಕ್ಯಾಂಪಸ್‌ನಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಬೆನ್ನಿಗೆ ನಿಲ್ಲುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜಿನಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಅದನ್ನು ಮೊದಲು ಹೇಳಿಕೊಳ್ಳುವುದು ಸಾಮಾನ್ಯವಾಗಿ ವಕೀಲರ ಬಳಿಯಲ್ಲ, ಪೊಲೀಸರ ಬಳಿಯಂತೂ ಅಲ್ಲ. ಹಾಸ್ಟೆಲಿನ ಗೆಳತಿ, ಊರಿನಲ್ಲಿರುವ ಅಕ್ಕ, ನಂಬಿಕೆಗೆ ಪಾತ್ರರಾದ ಮೇಡಂ ಒಬ್ಬರು, ಇಂಥವರ ಬಳಿ ಆ ಮಾತು ಮೊದಲು ಹೊರಬೀಳುತ್ತದೆ. ಕಳೆದ ಹತ್ತು-ಹನ್ನೆರಡು ವರ್ಷಗಳಲ್ಲಿ ಕಾನೂನು ಹಲವು ಸಲ ಬದಲಾಗಿರುವುದರಿಂದ, ಒಳ್ಳೆಯ ಮನಸ್ಸಿನಿಂದ ಕೊಟ್ಟ ಹಳೆಯ ಸಲಹೆಯೇ ಕೆಲವೊಮ್ಮೆ ದೂರನ್ನು ಕೆಡಿಸುತ್ತದೆ. ಈ ಪ್ರಶ್ನೋತ್ತರವನ್ನು ಹಾಗೆ ಜೊತೆಗೆ ನಿಲ್ಲುವವರಿಗಾಗಿ ಬರೆಯಲಾಗಿದೆ.

ವಿದ್ಯಾರ್ಥಿನಿಯೊಬ್ಬಳು ನನ್ನ ಬಳಿ ಬಂದು ನಡೆದದ್ದನ್ನು ಹೇಳಿದ್ದಾಳೆ. ನಾನು ಮೊದಲು ಮಾಡಬೇಕಾದದ್ದೇನು?

ಕೇಳಿಸಿಕೊಳ್ಳುವುದು. ಅಷ್ಟು ಹೊತ್ತಿನಲ್ಲಿ ಅಲ್ಲಿಗೇಕೆ ಹೋಗಿದ್ದೆ, ಆಗಲೇ ಏಕೆ ಕೂಗಲಿಲ್ಲ ಎಂಬ ಪ್ರಶ್ನೆಗಳನ್ನು ನುಂಗಿಕೊಳ್ಳಿ. ಅವನ್ನು ಕೇಳುವವರು ಮುಂದೆ ಬೇಕಾದಷ್ಟು ಮಂದಿ ಸಿಗುತ್ತಾರೆ. ನೀವು ತಿಳಿಯಬೇಕಾದದ್ದು ಮೂರೇ: ಈ ರಾತ್ರಿ ಆಕೆ ಮಲಗುವ ಜಾಗ ಸುರಕ್ಷಿತವೇ, ದೇಹಕ್ಕೆ ಪೆಟ್ಟಾಗಿದೆಯೇ, ಘಟನೆ ನಡೆದು ಎಷ್ಟು ಹೊತ್ತಾಗಿದೆ. ಗಂಟೆಗಳ ಲೆಕ್ಕ ಕೇಳುವುದಕ್ಕೆ ಕಾರಣವಿದೆ. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸಬೇಕು, ತುರ್ತು ಗರ್ಭನಿರೋಧಕ ಮಾತ್ರೆ ಬೇಗ ತೆಗೆದುಕೊಂಡಷ್ಟೂ ಹೆಚ್ಚು ಫಲಕಾರಿ, ದೇಹದ ಮೇಲಿನ ಜೈವಿಕ ಸಾಕ್ಷ್ಯ ಮೂರು-ನಾಲ್ಕು ದಿನಗಳಲ್ಲಿ ಅಳಿಸಿಹೋಗುತ್ತದೆ. ಅಂದು ತೊಟ್ಟಿದ್ದ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಂತು ಸಾಕ್ಷ್ಯ ಹಾಳಾಗುತ್ತದೆ. ವಾಟ್ಸ್ಆ್ಯಪ್ ಸಂದೇಶಗಳನ್ನು ಎಷ್ಟೇ ಅಸಹ್ಯವಾಗಿದ್ದರೂ ಅಳಿಸಬೇಡಿ.

ಆಕೆಯನ್ನು ಕೇಳದೆ ಪ್ರಾಂಶುಪಾಲರ ಕೋಣೆಗೆ ಓಡುವುದು, ಮನೆಗೆ ಫೋನ್ ಮಾಡುವುದು, ಠಾಣೆಗೆ ಕರೆದೊಯ್ಯುವುದು ಬೇಡ. ಒಮ್ಮೆ ಆಕೆಯ ಒಪ್ಪಿಗೆಯಿಲ್ಲದೆ ನಡೆದದ್ದಕ್ಕೆ ಎರಡನೆಯದನ್ನು ನೀವು ಸೇರಿಸಿದಂತಾಗುತ್ತದೆ. ಕಾನೂನು ಮತ್ತು ಪತ್ರಿಕೆಗಳು ಬಳಸುವ ‘ಸಂತ್ರಸ್ತೆ’ ಎಂಬ ಪದವನ್ನೂ ಎದುರಿಗೆ ಕುಳಿತವಳ ಮೇಲೆ ಹೊರಿಸಬೇಕಾಗಿಲ್ಲ, ಆಕೆಗೆ ಹೆಸರಿದೆ.

ಆಸ್ಪತ್ರೆಗೆ ಹೋದರೆ ವಿಷಯ ಪೊಲೀಸರಿಗೆ ಹೋಗುತ್ತದೆಯೇ?

ಹೋಗುತ್ತದೆ, ಮತ್ತು ಇದನ್ನು ಮೊದಲೇ ಆಕೆಗೆ ತಿಳಿಸಬೇಕು. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೆಯ ಕಲಮಿನ ಪ್ರಕಾರ ಸರ್ಕಾರಿ ಆಗಲಿ ಖಾಸಗಿ ಆಗಲಿ, ಎಲ್ಲ ಆಸ್ಪತ್ರೆಗಳೂ ಅತ್ಯಾಚಾರಕ್ಕೆ ಒಳಗಾದವರಿಗೆ ಉಚಿತವಾಗಿ ಪ್ರಥಮ ಚಿಕಿತ್ಸೆ ಅಥವಾ ವೈದ್ಯಕೀಯ ಚಿಕಿತ್ಸೆ ನೀಡಿ ಕೂಡಲೇ ಪೊಲೀಸರಿಗೆ ತಿಳಿಸಬೇಕು. ಚಿಕಿತ್ಸೆ ನಿರಾಕರಿಸುವುದು ಶಿಕ್ಷಾರ್ಹ. ಆದರೆ ಪೊಲೀಸರಿಗೆ ತಿಳಿಸುವುದು ಬೇರೆ, ಆಕೆಯ ದೇಹವನ್ನು ಪರೀಕ್ಷಿಸುವುದು ಬೇರೆ: ವೈದ್ಯಕೀಯ ಪರೀಕ್ಷೆಗೆ ಆಕೆಯ ಒಪ್ಪಿಗೆ ಬೇಕೇಬೇಕು. ಹೆಣ್ಣಿಗೆ ಮೊದಲೇ ಲೈಂಗಿಕ ಸಂಪರ್ಕವಿತ್ತೇ ಎಂದು ಬೆರಳಿಟ್ಟು ನೋಡುವ ‘ಎರಡು ಬೆರಳಿನ ಪರೀಕ್ಷೆ’ಯನ್ನು ಯಾರಾದರೂ ಇನ್ನೂ ಮಾಡಹೊರಟರೆ ಅದು ದುರ್ನಡತೆ ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಹೇಳಿದೆ, ಈ ಒಂದು ಸಂಗತಿಯನ್ನು ಜೊತೆಗೆ ಹೋಗುವವರು ಬಾಯಿಪಾಠ ಮಾಡಿಕೊಂಡಿರಬೇಕು.

ಈಗ ಜಾರಿಯಲ್ಲಿರುವ ನಿಯಮಗಳು ಯಾವುವು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಹೇಳುವವರೆಲ್ಲ ಒಂದಲ್ಲ ಒಂದು ಕಾಲದಲ್ಲಿ ಸರಿಯಾಗಿಯೇ ಇದ್ದವರು. ಸರ್ಕಾರಿ ಯೋಜನೆಯ ಕಾರ್ಯಕರ್ತೆಯಾಗಿದ್ದ ರಾಜಸ್ಥಾನದ ಭಂವರಿ ದೇವಿ ಅವರ ಮೇಲೆ 1992ರಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ಬಳಿಕ ಮಹಿಳಾ ಸಂಘಟನೆಗಳು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1997ರಲ್ಲಿ ಕೊಟ್ಟ, ಕೆಲಸದ ಸ್ಥಳದ ಲೈಂಗಿಕ ಕಿರುಕುಳ ಕುರಿತ ವಿಶಾಖಾ ಮಾರ್ಗಸೂಚಿಗಳೇ ಹದಿನಾರು ವರ್ಷ ಕಾನೂನಿನ ಜಾಗದಲ್ಲಿ ನಿಂತಿದ್ದವು. 2013ರಲ್ಲಿ ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ, ಅಂದರೆ ಎಲ್ಲರೂ ಪಾಶ್ ಎಂದು ಕರೆಯುವ ಕಾಯ್ದೆ, ಬಂತು. ಅದು ಉದ್ಯೋಗಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಾದ್ದರಿಂದ ವಿದ್ಯಾರ್ಥಿಗಳ ಅಗತ್ಯಗಳಿಗಾಗಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ತನ್ನ 2015ರ ವಿನಿಯಮಗಳನ್ನು ರೂಪಿಸಿ 2016ರ ಮೇ ತಿಂಗಳಲ್ಲಿ ಪ್ರಕಟಿಸಿತು. ಅದೇ ವರ್ಷ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ಇಂಜಿನಿಯರಿಂಗ್‌ನಂಥ ತಾಂತ್ರಿಕ ಕಾಲೇಜುಗಳಿಗೆ ತನ್ನದೇ ವಿನಿಯಮ ತಂದಿತು. 2024ರ ಜುಲೈ 1ರಂದು ದಂಡ ಸಂಹಿತೆಯೇ ಬದಲಾಗಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಅತ್ಯಾಚಾರದ ಐಪಿಸಿ 376 ಈಗ 64 ಆಗಿದೆ, ಲೈಂಗಿಕ ಕಿರುಕುಳದ 354ಎ ಈಗ 75, ಹಿಂಬಾಲಿಸಿ ಕಾಡುವ ಅಪರಾಧದ 354ಡಿ ಈಗ 78. ಜುಲೈ 1ಕ್ಕೆ ಮೊದಲು ನಡೆದ ಅಪರಾಧಕ್ಕೆ ಹಳೆಯ ಕಲಮುಗಳೇ ಅನ್ವಯಿಸುತ್ತವೆ ಎಂಬುದನ್ನು ಠಾಣೆಗೆ ಹೋಗುವ ಮೊದಲು ನೋಡಿಕೊಳ್ಳಿ.

ಕಾಲೇಜಿನ ಸಮಿತಿಗೆ ಹೋಗಬೇಕೆ, ಪೊಲೀಸ್ ಠಾಣೆಗೆ ಹೋಗಬೇಕೆ?

ಎರಡೂ ಬೇರೆ ಬೇರೆ ಬಾಗಿಲುಗಳು. ಒಂದನ್ನು ತೆರೆದರೆ ಇನ್ನೊಂದು ಮುಚ್ಚುವುದಿಲ್ಲ. “ಮೊದಲು ನಮ್ಮ ಸಮಿತಿ ನೋಡಲಿ, ಆಮೇಲೆ ಪೊಲೀಸರು” ಎಂದು ಆಡಳಿತ ಮಂಡಳಿ ಹೇಳಿದರೆ ಅದಕ್ಕೆ ಕಾನೂನಿನ ಆಧಾರವಿಲ್ಲ. ಲೈಂಗಿಕ ಕಿರುಕುಳದ ದೂರು ವಿಚಾರಿಸಲು ಕಾಲೇಜಿನೊಳಗೇ ಇರಬೇಕಾದ ಆಂತರಿಕ ಸಮಿತಿ ಅಪರಾಧಿಯನ್ನು ಜೈಲಿಗೆ ಕಳಿಸಲಾರದು. ಆದರೆ ನಾಳೆ ಬೆಳಿಗ್ಗೆ ಅದೇ ಅಧ್ಯಾಪಕನ ಪ್ರಯೋಗಾಲಯಕ್ಕೆ ಹೋಗಬೇಕಾದ ಸ್ಥಿತಿಯನ್ನು ತಪ್ಪಿಸಬಲ್ಲದು. ಪೊಲೀಸರು ಬಂಧಿಸಬಲ್ಲರು, ಆಂತರಿಕ ಅಂಕಗಳನ್ನು ಯಾರು ಹಾಕಬೇಕೆಂದು ನಿರ್ಧರಿಸಲಾರರು. ಆಕೆಗೆ ಈಗ ಬೇಕಾಗಿರುವುದು ಯಾವುದು ಎಂಬ ಪ್ರಶ್ನೆಯಿಂದ ಹೊರಟರೆ ದಾರಿ ತಾನಾಗಿ ತಿಳಿಯಾಗುತ್ತದೆ.

ಠಾಣೆಯ ವ್ಯಾಪ್ತಿ ನಮ್ಮದಲ್ಲ ಎಂಬ ಹಳೆಯ ನೆಪಕ್ಕೆ ಈಗ ಅವಕಾಶವಿಲ್ಲ. ಎಲ್ಲಿ ನಡೆದ ಘಟನೆಗಾದರೂ ಯಾವುದೇ ಠಾಣೆ ಝೀರೋ ಎಫ್‌ಐಆರ್ ದಾಖಲಿಸಬೇಕು, ಆಕೆಯ ಹೇಳಿಕೆಯನ್ನು ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಅತ್ಯಾಚಾರದಂಥ ಅಪರಾಧದ ಮಾಹಿತಿಯನ್ನು ದಾಖಲಿಸದ ಅಧಿಕಾರಿಗೆ ನ್ಯಾಯ ಸಂಹಿತೆಯ 199ನೆಯ ಕಲಮಿನಡಿ ಕನಿಷ್ಠ ಆರು ತಿಂಗಳ ಶಿಕ್ಷೆಯಿದೆ. ಆರೋಪಿ ಅಧ್ಯಾಪಕನಾಗಿದ್ದರೆ ಅತ್ಯಾಚಾರಕ್ಕೆ 64(2)ರಡಿ ಕನಿಷ್ಠ ಶಿಕ್ಷೆ ಹತ್ತು ವರ್ಷ ಎಂಬುದೂ ನೆನಪಿರಲಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಅದಕ್ಕಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ನೇರವಾಗಿ ಅಥವಾ 15100 ಸಂಖ್ಯೆಯ ಮೂಲಕ ಸಂಪರ್ಕಿಸಬಹುದು.

ಘಟನೆ ನಡೆದು ನಾಲ್ಕು ತಿಂಗಳಾಗಿದೆ. ತಡವಾಯಿತೇ?

ಅತ್ಯಾಚಾರದ ಎಫ್‌ಐಆರ್‌ಗೆ ಕಾಲಮಿತಿ ಇಲ್ಲ. ಆಂತರಿಕ ಸಮಿತಿಗೆ ಮಾತ್ರ ಗಡುವು ಬಿಗಿಯಾಗಿದೆ: ಘಟನೆಯಿಂದ, ಅಥವಾ ಸರಣಿ ಘಟನೆಗಳಾಗಿದ್ದರೆ ಕೊನೆಯದರಿಂದ, ಮೂರು ತಿಂಗಳು, ಕಾರಣವನ್ನು ಬರೆದು ದಾಖಲಿಸಿ ಸಮಿತಿ ಇನ್ನೂ ಮೂರು ತಿಂಗಳವರೆಗೆ ವಿಸ್ತರಿಸಬಹುದು. ಆದ್ದರಿಂದ ನಾಲ್ಕನೆಯ ತಿಂಗಳಿನ ದೂರಿನ ಜೊತೆಗೆ, ತಡವಾದದ್ದೇಕೆ ಎಂದು ವಿವರಿಸುವ ಪ್ರತ್ಯೇಕ ಅರ್ಜಿ ಇರಲೇಬೇಕು. ಭಯ, ಪರೀಕ್ಷೆ, ಅನಾರೋಗ್ಯ, ಆರೋಪಿಯ ಕೈಯಲ್ಲಿ ಅಂಕಗಳಿದ್ದದ್ದು, ಇವೆಲ್ಲ ಹೇಳಬಹುದಾದ ಕಾರಣಗಳು.

ಆರು ತಿಂಗಳು ದಾಟಿದರೆ ಏನಾಗುತ್ತದೆ ಎಂಬುದನ್ನು ಕೋಲ್ಕತ್ತದ ಕಾನೂನು ವಿಶ್ವವಿದ್ಯಾಲಯವೊಂದರ ಅಧ್ಯಾಪಕಿಯ ಪ್ರಕರಣ ತೋರಿಸಿತು. ಕುಲಪತಿಯ ವಿರುದ್ಧ ಅವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಕೊಟ್ಟ ದೂರು ಗಡುವು ಮೀರಿದೆ ಎಂಬ ನಿಲುವನ್ನು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದೇ ಉಸಿರಿನಲ್ಲಿ, ಆ ತೀರ್ಪು ಕುಲಪತಿಯ ವೃತ್ತಿವಿವರದ ಭಾಗವಾಗಿರಬೇಕೆಂದೂ ಆದೇಶಿಸಿತು. ಆ ಆದೇಶ ಅಪರೂಪದ್ದು ನಿಜ. ಆದರೆ ದೂರು ಕೊಟ್ಟವರಿಗೆ ವಿಚಾರಣೆಯೇ ದಕ್ಕಲಿಲ್ಲ. ವಿದ್ಯಾರ್ಥಿಗಳ ಬದುಕಿಗೆ ಮೂರು ತಿಂಗಳ ಗಡುವು ಹೊಂದುವುದಿಲ್ಲ, ಒಂದು ಸೆಮಿಸ್ಟರ್ ಮುಗಿದು ಅಂಕಪಟ್ಟಿ ಕೈಗೆ ಬರುವಷ್ಟರಲ್ಲೇ ಅದು ಕಳೆದುಹೋಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಬದಲಾಗುವವರೆಗೆ ಕ್ಯಾಲೆಂಡರ್ ನೋಡುತ್ತಿರುವುದು ಜೊತೆಗಿರುವವರ ಕೆಲಸ.

ನಮ್ಮ ಕಾಲೇಜಿನ ಸಮಿತಿ ಸರಿಯಾಗಿ ರಚನೆಯಾಗಿದೆಯೇ ಎಂದು ತಿಳಿಯುವುದು ಹೇಗೆ?

ಸಮಿತಿ ರಚನೆಯ ಆದೇಶದ ಪ್ರತಿ ಕೇಳಿ. ಅಧ್ಯಕ್ಷರು ಹಿರಿಯ ಅಧ್ಯಾಪಕಿಯಾಗಿರಬೇಕು. ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್, ಕಾಲೇಜಿನಲ್ಲಿ ಅಸೋಸಿಯೇಟ್ ಪ್ರೊಫೆಸರ್ ದರ್ಜೆಗಿಂತ ಕೆಳಗಿನವರಾಗಿರಬಾರದು. ಇಬ್ಬರು ಅಧ್ಯಾಪಕರು, ಇಬ್ಬರು ಬೋಧಕೇತರ ಸಿಬ್ಬಂದಿ, ಸ್ವಯಂಸೇವಾ ಸಂಸ್ಥೆಯಿಂದ ಒಬ್ಬರು, ಮತ್ತು ವಿಷಯ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಾದರೆ ಪಾರದರ್ಶಕ ಚುನಾವಣೆಯಿಂದ ಆಯ್ಕೆಯಾದ ಮೂವರು ವಿದ್ಯಾರ್ಥಿಗಳು ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥ ಮುಂತಾದ ಆಡಳಿತದ ಹುದ್ದೆಯಲ್ಲಿರುವವರು ಸದಸ್ಯರಾಗುವಂತಿಲ್ಲ. ಈ ಕೊನೆಯ ಷರತ್ತನ್ನು ಮೊದಲು ಪರೀಕ್ಷಿಸಿ. ಸಮಿತಿ ಯಾರ ಮಾತು ಕೇಳುತ್ತದೆ ಎಂಬುದು ಬಹುಮಟ್ಟಿಗೆ ಅದರಿಂದಲೇ ತೀರ್ಮಾನವಾಗುತ್ತದೆ.

ಚುನಾಯಿತ ವಿದ್ಯಾರ್ಥಿಗಳ ವಿಷಯ ಸಣ್ಣದಲ್ಲ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ 1999ರಿಂದ ಲೈಂಗಿಕ ಕಿರುಕುಳದ ದೂರುಗಳನ್ನು ಕೇಳುವ ಜಿಎಸ್‌ಕ್ಯಾಶ್ ಎಂಬ ಸಮಿತಿಯಿತ್ತು. ವಿದ್ಯಾರ್ಥಿಗಳು, ಅಧ್ಯಾಪಕರು, ನೌಕರರು ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸಿ ಕಳಿಸುತ್ತಿದ್ದರು. ಯುಜಿಸಿ ವಿನಿಯಮಗಳನ್ನು ಪಾಲಿಸುವ ಹೆಸರಿನಲ್ಲಿ 2017ರ ಸೆಪ್ಟೆಂಬರ್‌ನಲ್ಲಿ ಅದನ್ನು ತೆಗೆದು ಆಂತರಿಕ ದೂರು ಸಮಿತಿಯನ್ನು ತರಲಾಯಿತು. ಹೊಸ ಸಮಿತಿ ಆಡಳಿತದ ಕೈಗೊಂಬೆಯಾಗುತ್ತದೆ ಎಂದು ವಿದ್ಯಾರ್ಥಿಗಳೂ ಅಧ್ಯಾಪಕರೂ ಪ್ರತಿಭಟಿಸಿದರು. ರಕ್ಷಣೆ ಕೊಡಲೆಂದು ಬಂದ ನಿಯಮವೇ ಇನ್ನೂ ಗಟ್ಟಿಯಾಗಿದ್ದ ರಕ್ಷಣೆಯನ್ನು ಕಿತ್ತುಹಾಕುವ ನೆಪವಾಗಬಹುದು.

ಸಮಿತಿಯೇ ಇಲ್ಲದಿದ್ದರೆ ಪಾಶ್ ಕಾಯ್ದೆಯಡಿ ಸಂಸ್ಥೆಗೆ 50,000 ರೂಪಾಯಿವರೆಗೆ ದಂಡ ವಿಧಿಸಬಹುದು. ಸಂಸ್ಥೆಯ ಮುಖ್ಯಸ್ಥರ ವಿರುದ್ಧವೇ ದೂರಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು.

ವಿಚಾರಣೆ ಮುಗಿಯುವವರೆಗೆ ಆಕೆ ಅದೇ ತರಗತಿಯಲ್ಲಿ ಕೂರಬೇಕೇ?

ಬೇಕಾಗಿಲ್ಲ. ಮಧ್ಯಂತರ ಪರಿಹಾರವನ್ನು ದೂರಿನ ಜೊತೆಯಲ್ಲೇ ಕೇಳಿ: ಆರೋಪಿಯಿಂದ ಆಕೆಯ ಮೌಲ್ಯಮಾಪನ ಆಗಬಾರದು, ಆತ ದೂರವಿರುವಂತೆ ಎಚ್ಚರಿಸಬೇಕು, ವಿಭಾಗ ಬದಲಾಯಿಸಬೇಕು, ಅಗತ್ಯವಿದ್ದರೆ ಹಾಜರಾತಿಗೆ ಧಕ್ಕೆಯಾಗದಂತೆ ಮೂರು ತಿಂಗಳವರೆಗೆ ರಜೆ ಕೊಡಬೇಕು. ಇವೆಲ್ಲ ವಿನಿಯಮದಲ್ಲಿ ಹೇಳಿರುವವೇ. ಆದರೆ ಹಾಸ್ಟೆಲ್ ಬಿಡಬೇಕಾದವಳು ಆಕೆಯೇ, ತರಗತಿ ಬದಲಿಸಬೇಕಾದವಳೂ ಆಕೆಯೇ ಎಂದಾಗುತ್ತಿದ್ದರೆ ಗಟ್ಟಿಯಾಗಿ ಆಕ್ಷೇಪಿಸಿ.

2025ರ ಜುಲೈನಲ್ಲಿ ಒಡಿಶಾದ ಬಾಲಸೋರ್‌ನ ಕಾಲೇಜೊಂದರಲ್ಲಿ ವಿಭಾಗದ ಮುಖ್ಯಸ್ಥನ ಕಿರುಕುಳದ ಬಗ್ಗೆ ದೂರು ಕೊಟ್ಟಿದ್ದ ಇಪ್ಪತ್ತು ವರ್ಷದ ವಿದ್ಯಾರ್ಥಿನಿ, ಕ್ರಮ ಆಗದೆ ಹತಾಶಳಾಗಿ ಪ್ರಾಣ ಕಳೆದುಕೊಂಡಳು. ದೂರಿಗೂ ತೀರ್ಪಿಗೂ ನಡುವಿನ ದಿನಗಳೇ ಎಲ್ಲಕ್ಕಿಂತ ಅಪಾಯದವು. ಆ ದಿನಗಳಲ್ಲಿ ಆಕೆಯನ್ನು ಒಂಟಿಯಾಗಿ ಬಿಡಬೇಡಿ. ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ಕನ್ನಡದಲ್ಲೂ ಮಾತನಾಡುತ್ತದೆ, ಮಹಿಳಾ ಸಹಾಯವಾಣಿ 181.

ಆರೋಪಿಯ ಎದುರಿನಲ್ಲೇ ಆಕೆ ಎಲ್ಲವನ್ನೂ ಹೇಳಬೇಕೇ? ಸಮಿತಿ ಬೇಗ ಮುಗಿಸಿಬಿಡಲಿ ಎಂದು ನಾವು ಒತ್ತಾಯಿಸಬಹುದೇ?

ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುತ್ತಾರೆ. ಆದರೆ ಅವುಗಳ ಉತ್ತರ ಒಂದೇ ಕಡೆ ಇದೆ, ಅಂದರೆ ವಿಚಾರಣೆ ನ್ಯಾಯವಾಗಿ ನಡೆಯುವುದರಲ್ಲಿ.

ರಾಂಚಿಯ ರಾಜೇಂದ್ರ ಮೆಡಿಕಲ್ ಕಾಲೇಜಿನಲ್ಲಿ ಹುಡುಗರ ಗುಂಪೊಂದು ರಾತ್ರಿ ಹುಡುಗಿಯರ ಹಾಸ್ಟೆಲಿಗೆ ನುಗ್ಗಿ ಅನುಚಿತವಾಗಿ ವರ್ತಿಸಿತ್ತು. ಅಧ್ಯಾಪಕರ ಸಮಿತಿ ಹುಡುಗಿಯರ ಹೇಳಿಕೆಗಳನ್ನು ಆರೋಪಿಗಳ ಗೈರುಹಾಜರಿಯಲ್ಲಿ ಪಡೆಯಿತು. ಆರೋಪಗಳನ್ನು ಹುಡುಗರಿಗೆ ತಿಳಿಸಿ ಉತ್ತರಿಸಲು ಅವಕಾಶ ಕೊಟ್ಟು ಅವರನ್ನು ಹೊರಹಾಕಲಾಯಿತು. ಎರಡೂ ಕಡೆಯವರ ಮಾತು ಕೇಳಬೇಕೆಂಬ ಸಹಜ ನ್ಯಾಯಕ್ಕೆ ಭಂಗವಾಯಿತೆಂದು ಅವರು ಸುಪ್ರೀಂ ಕೋರ್ಟಿಗೆ ಹೋದಾಗ, ಇಂಥ ಸಂದರ್ಭದಲ್ಲಿ ಹುಡುಗಿಯರನ್ನು ಪಾಟೀಸವಾಲಿಗೆ ಒಡ್ಡಬೇಕಾಗಿಲ್ಲ ಎಂದು 1973ರಲ್ಲಿ ನ್ಯಾಯಾಲಯ ಹೇಳಿತು. ಐವತ್ತು ವರ್ಷ ಹಳೆಯದಾದರೂ ಈ ತೀರ್ಪು ಇಂದಿಗೂ ಕೈಗೆ ಬರುವ ಆಯುಧ. ಪ್ರಶ್ನೆಗಳನ್ನು ಬರಹದಲ್ಲಿ ಕೊಡಲಿ, ಅಧ್ಯಕ್ಷರೇ ಕೇಳಲಿ, ಆರೋಪಿ ಬೇರೆ ಕೋಣೆಯಲ್ಲಿರಲಿ ಎಂದು ನೀವು ಲಿಖಿತವಾಗಿ ಕೋರಬಹುದು.

ಇದರ ಇನ್ನೊಂದು ಮುಖ ಗೋವಾ ವಿಶ್ವವಿದ್ಯಾಲಯದ ಪ್ರಕರಣ. ಅಲ್ಲಿನ ವಿಭಾಗವೊಂದರ ಮುಖ್ಯಸ್ಥನ ಮೇಲೆ ವಿದ್ಯಾರ್ಥಿನಿಯರು 2009ರಲ್ಲಿ ದೂರು ಕೊಟ್ಟರು. ಸಮಿತಿ ಬಹಳ ಅವಸರದಿಂದ ವಿಚಾರಣೆ ಮುಗಿಸಿತು, ಆತನನ್ನು ವಜಾ ಮಾಡಲಾಯಿತು. ಹದಿನಾಲ್ಕು ವರ್ಷಗಳ ಬಳಿಕ, 2023ರ ಮೇ ತಿಂಗಳಲ್ಲಿ, ಆರೋಪಿಗೆ ಸರಿಯಾದ ಅವಕಾಶ ಸಿಗಲಿಲ್ಲವೆಂದು ಸುಪ್ರೀಂ ಕೋರ್ಟ್ ಆ ವಜಾ ಆದೇಶವನ್ನು ರದ್ದುಗೊಳಿಸಿ ವಿಚಾರಣೆಯನ್ನು ಮತ್ತೆ ಸಮಿತಿಗೆ ಕಳಿಸಿತು. ಆಗ ವಿದ್ಯಾರ್ಥಿನಿಯರಾಗಿದ್ದವರು ಅಷ್ಟರಲ್ಲಿ ಬದುಕಿನಲ್ಲಿ ಎಲ್ಲಿಗೆ ತಲುಪಿದ್ದರೋ! ಅದೇ ತೀರ್ಪಿನಲ್ಲಿ ಪಾಶ್ ಕಾಯ್ದೆ ದೇಶದಾದ್ಯಂತ ಸರಿಯಾಗಿ ಜಾರಿಯಾಗಿಲ್ಲವೆಂದು ನ್ಯಾಯಾಲಯ ವಿಷಾದಿಸಿ, ಸಮಿತಿಗಳು ರಚನೆಯಾಗಿವೆಯೇ ಎಂದು ಪರಿಶೀಲಿಸಲು ನಿರ್ದೇಶನಗಳನ್ನೂ ಕೊಟ್ಟಿತು.

ಆದ್ದರಿಂದ ಆರೋಪಿಗೆ ದೂರಿನ ಪ್ರತಿ ಏಳು ದಿನಗಳೊಳಗೆ ತಲುಪಿತೇ, ಉತ್ತರಿಸಲು ಹತ್ತು ದಿನ ಸಿಕ್ಕಿತೇ, ಸಾಕ್ಷಿಗಳ ಪಟ್ಟಿ ಕೇಳಿದರೇ ಎಂದು ನೋಡಿಕೊಳ್ಳಬೇಕಾದವರು ದೂರುದಾರಳ ಕಡೆಯವರೇ. ಹೀಗೆ ಹೇಳಿದಾಗ ಹಲವರಿಗೆ ಸಿಟ್ಟು ಬರುತ್ತದೆ. ಆದರೆ ಇಂದು ಆರೋಪಿಗೆ ತಪ್ಪಿಸಿದ ಒಂದು ನೋಟಿಸ್, ನಾಳೆ ಆತನ ವಕೀಲರ ಅತಿ ದೊಡ್ಡ ಬಂಡವಾಳ. ವಿಚಾರಣೆಗೆ 90 ದಿನಗಳ ಮಿತಿಯಿದೆ. ಅದನ್ನು ಮೀರದಂತೆ ಒತ್ತಾಯಿಸಿ, ಎರಡೇ ದಿನದಲ್ಲಿ ಮುಗಿಸಿ ಎಂದು ಒತ್ತಾಯಿಸಬೇಡಿ. ಪ್ರತಿ ಸಭೆಯ ದಿನಾಂಕ, ಹಾಜರಿದ್ದವರು, ಕೊಟ್ಟ ಕಾಗದ, ಪಡೆದ ಸ್ವೀಕೃತಿ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸಮಿತಿಯ ಮುಂದೆ ವಕೀಲರು ಯಾರ ಪರವಾಗಿಯೂ ಬರುವಂತಿಲ್ಲವಾದ್ದರಿಂದ ಈ ನೋಟ್‌ಬುಕ್ಕೇ ಆಕೆಯ ವಕೀಲ.

“ಹುಡುಗನ ಭವಿಷ್ಯ ನೋಡಿ, ರಾಜಿ ಮಾಡಿಕೊಳ್ಳಿ” ಎನ್ನುತ್ತಿದ್ದಾರೆ.

ಸಂಧಾನವನ್ನು ಕೇಳುವ ಹಕ್ಕು ದೂರು ಕೊಟ್ಟವರಿಗೆ ಮಾತ್ರ ಇದೆ, ಅದೂ ಹಣದ ವಹಿವಾಟಿಲ್ಲದೆ. ಸಮಿತಿಯಾಗಲಿ ಪ್ರಾಂಶುಪಾಲರಾಗಲಿ ಅದನ್ನು ಸೂಚಿಸುವಂತಿಲ್ಲ. ಅತ್ಯಾಚಾರದ ಪ್ರಕರಣದಲ್ಲಿ ರಾಜಿಗೆ ಕಾನೂನಿನಲ್ಲಿ ಜಾಗವೇ ಇಲ್ಲ.

ಸಾಬೀತಾಗದಿದ್ದರೆ ಸುಳ್ಳು ದೂರೆಂದು ಆಕೆಯನ್ನೇ ಶಿಕ್ಷಿಸುತ್ತಾರೆಯೇ?

ಇಲ್ಲ. ದೂರನ್ನು ಸಾಬೀತುಪಡಿಸಲು ಆಗದಿರುವುದು ಸುಳ್ಳು ದೂರಲ್ಲ ಎಂದು ನಿಯಮವೇ ಸ್ಪಷ್ಟವಾಗಿ ಹೇಳಿದೆ. ದುರುದ್ದೇಶವಿತ್ತು ಎಂಬುದನ್ನು ಪ್ರತ್ಯೇಕ ವಿಚಾರಣೆಯಲ್ಲಿ ಸ್ಥಾಪಿಸಬೇಕು.

ಇನ್‌ಸ್ಟಾಗ್ರಾಂನಲ್ಲಿ ಹೆಸರು ಹಾಕಿ ಬಯಲಿಗೆಳೆಯಬಹುದೇ?

ಆಕೆಯ ಗುರುತು ಬಿಟ್ಟುಕೊಡುವ ಏನನ್ನೂ ಹಾಕಬೇಡಿ. ಅತ್ಯಾಚಾರಕ್ಕೆ ಒಳಗಾದವರ ಗುರುತನ್ನು ಬಹಿರಂಗಪಡಿಸಿದರೆ ನ್ಯಾಯ ಸಂಹಿತೆಯ 72ನೆಯ ಕಲಮಿನಡಿ ಎರಡು ವರ್ಷಗಳವರೆಗೆ ಸೆರೆವಾಸವಿದೆ. ಹೆಸರು ಬರೆಯದಿದ್ದರೂ ‘ಎರಡನೇ ವರ್ಷದ ಬಿಎಸ್ಸಿ, ಇಂಥ ಊರಿನವಳು’ ಎಂದರೆ ಕಾಲೇಜಿಗೆಲ್ಲ ಗೊತ್ತಾಗುತ್ತದೆ. ಸಮಿತಿಯ ವಿಚಾರಣೆಯ ವಿವರಗಳೂ ಗೋಪ್ಯ; ಆರೋಪಿ ಮತ್ತು ಸಾಕ್ಷಿಗಳ ಗುರುತಿಗೂ ಅದು ಅನ್ವಯಿಸುತ್ತದೆ. ಸಮಿತಿ ರಚಿಸಿ, ಚುನಾವಣೆ ನಡೆಸಿ, ಗಡುವು ಪಾಲಿಸಿ ಎಂದು ಸಾರ್ವಜನಿಕವಾಗಿ ಒತ್ತಾಯಿಸಲು ಯಾವ ಅಡ್ಡಿಯೂ ಇಲ್ಲ. ಚಳವಳಿಗೆ ಒಂದು ಮುಖ ಬೇಕೆಂಬ ಆಸೆಯಲ್ಲಿ ಆಕೆಯನ್ನು ವೇದಿಕೆಗೆ ತರುವ ಸಂಘಟನೆಗಳ ಬಗ್ಗೆ ಎಚ್ಚರವಿರಲಿ.

ದೌರ್ಜನ್ಯಕ್ಕೆ ಒಳಗಾದವನು ಹುಡುಗ. ಅಥವಾ ಲಿಂಗತ್ವ ಅಲ್ಪಸಂಖ್ಯಾತ ವಿದ್ಯಾರ್ಥಿ. ಆಗ?

ಹೊಸ ಕಾನೂನಿನಿಂದ ರಕ್ಷಣೆ ಕಡಿಮೆಯಾದ ಜಾಗ ಇದು. ಒಪ್ಪಿಗೆಯ ಸಂಬಂಧಗಳನ್ನು 2018ರಲ್ಲಿ ಅಪರಾಧದ ಪಟ್ಟಿಯಿಂದ ಹೊರಗಿಟ್ಟ ಮೇಲೂ ಐಪಿಸಿ 377ನೆಯ ಕಲಮು ಒಪ್ಪಿಗೆಯಿಲ್ಲದ ಕೃತ್ಯಗಳಿಗೆ ಉಳಿದಿತ್ತು. ಪುರುಷರ ಮೇಲಿನ ಅತ್ಯಾಚಾರಕ್ಕೆ ಇದ್ದ ಆಸರೆ ಅದೊಂದೇ. ನ್ಯಾಯ ಸಂಹಿತೆಯಲ್ಲಿ ಅದರ ಜಾಗದಲ್ಲಿ ಏನೂ ಇಲ್ಲ. ಹಲ್ಲೆ, ಅಕ್ರಮ ಬಂಧನದಂಥ ಕಲಮುಗಳಡಿ ದೂರು ಕೊಡಬಹುದು, ಆದರೆ ಅಪರಾಧದ ನಿಜವಾದ ಹೆಸರು ಅಲ್ಲಿ ಬರುವುದಿಲ್ಲ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಗೆಂದು ಬಂದ 2019ರ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಇರುವ ಗರಿಷ್ಠ ಶಿಕ್ಷೆ ಎರಡು ವರ್ಷ ಮಾತ್ರ.

ಈ ಸ್ಥಿತಿಯಲ್ಲಿ ಕಾಲೇಜಿನ ಸಮಿತಿಯೇ ಮುಖ್ಯ ದಾರಿ. ಕೆಲವು ಪುರುಷ ವಿದ್ಯಾರ್ಥಿಗಳೂ ತೃತೀಯ ಲಿಂಗಿ ವಿದ್ಯಾರ್ಥಿಗಳೂ ದೌರ್ಜನ್ಯಕ್ಕೆ ಗುರಿಯಾಗಬಲ್ಲರು ಎಂದು ಯುಜಿಸಿ ವಿನಿಯಮ ಒಪ್ಪಿಕೊಂಡು, ಎಲ್ಲ ಲಿಂಗದವರ ಮೇಲಿನ ಹಿಂಸೆಯ ವಿರುದ್ಧವೂ ಕ್ರಮ ಕೈಗೊಳ್ಳುವುದು ಸಂಸ್ಥೆಯ ಹೊಣೆ ಎಂದಿದೆ. “ನಮ್ಮ ಸಮಿತಿ ಹೆಣ್ಣುಮಕ್ಕಳಿಗೆ ಮಾತ್ರ” ಎಂಬ ಉತ್ತರ ಬಂದರೆ ಆ ವಾಕ್ಯವನ್ನು ತೋರಿಸಿ.

ಪಿಯು ವಿದ್ಯಾರ್ಥಿನಿ, ವಯಸ್ಸು ಹದಿನೇಳು.

ಇಲ್ಲಿ ಮೇಲೆ ಹೇಳಿದ ಹಲವು ಮಾತುಗಳು ಬದಲಾಗುತ್ತವೆ. ಹದಿನೆಂಟರೊಳಗಿನವರಿಗೆ, ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೋ ಕಾಯ್ದೆ ಅನ್ವಯಿಸುತ್ತದೆ. ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. ಹಾಗಾಗಿ “ಯಾರಿಗೂ ಹೇಳುವುದಿಲ್ಲ” ಎಂದು ಮಾತು ಕೊಡಬೇಡಿ. ನಿಮ್ಮ ಮೇಲಿರುವ ಕರ್ತವ್ಯವನ್ನು ವಿವರಿಸಿ, ಮಕ್ಕಳ ಸಹಾಯವಾಣಿ 1098ರ ನೆರವಿನಿಂದ ಜೊತೆಯಲ್ಲೇ ಹೋಗಿ.

ಮಗಳು ಅಮೆರಿಕದಲ್ಲಿ ಎಂಎಸ್ ಓದುತ್ತಿದ್ದಾಳೆ. ಅಲ್ಲಿಯೂ ನಿಯಮ ಬದಲಾಗಿದೆಯಂತೆ?

ಬದಲಾಗಿದೆ, ಅದೂ ಹಿಂದೆ ಮುಂದೆ ಜೀಕುತ್ತಾ. ಅಲ್ಲಿನ ಆಧಾರ, ಶಿಕ್ಷಣದಲ್ಲಿ ಲಿಂಗ ತಾರತಮ್ಯ ನಿಷೇಧಿಸುವ 1972ರ ಟೈಟಲ್ ನೈನ್ ಕಾನೂನು. ಒಬಾಮಾ ಆಡಳಿತ 2011ರಲ್ಲಿ ಕಾಲೇಜುಗಳಿಗೆ ಕೊಟ್ಟ ಕಟ್ಟುನಿಟ್ಟಿನ ಮಾರ್ಗದರ್ಶನವನ್ನು 2017ರಲ್ಲಿ ಹಿಂತೆಗೆದುಕೊಳ್ಳಲಾಯಿತು; 2020ರ ನಿಯಮ ಕಿರುಕುಳದ ವ್ಯಾಖ್ಯೆಯನ್ನು ಕಿರಿದು ಮಾಡಿ, ನೇರ ವಿಚಾರಣೆಯನ್ನೂ ಸಲಹೆಗಾರರ ಮೂಲಕ ಪಾಟೀಸವಾಲನ್ನೂ ಕಡ್ಡಾಯ ಮಾಡಿತು; ಅದನ್ನು ಸಡಿಲಿಸಿದ 2024ರ ನಿಯಮವನ್ನು ಕೆಂಟಕಿಯ ಫೆಡರಲ್ ನ್ಯಾಯಾಲಯ 2025ರ ಜನವರಿ 9ರಂದು ರದ್ದುಪಡಿಸಿತು. ಆ ಬಳಿಕ 2020ರ ನಿಯಮವೇ ಮತ್ತೆ ಜಾರಿಗೆ ಬಂದಿದೆ.

ಮಗಳಿಗೆ ಹೇಳಬೇಕಾದದ್ದು ಇಷ್ಟು. ಆ ಕಾನೂನು ವಿದೇಶಿ ವಿದ್ಯಾರ್ಥಿಗಳಿಗೂ ಅನ್ವಯಿಸುತ್ತದೆ, ದೂರು ಕೊಟ್ಟ ಮಾತ್ರಕ್ಕೆ ವೀಸಾ ಹೋಗುವುದಿಲ್ಲ. ವಿಚಾರಣೆಗೆ ತನ್ನ ಆಯ್ಕೆಯ ಸಲಹೆಗಾರರನ್ನು ಕರೆತರಬಹುದು. ನೇರ ವಿಚಾರಣೆಯಲ್ಲಿ ಸಲಹೆಗಾರರಿಲ್ಲದಿದ್ದರೆ ವಿಶ್ವವಿದ್ಯಾಲಯವೇ ಉಚಿತವಾಗಿ ಒದಗಿಸಬೇಕು. ಅಧಿಕೃತ ದೂರು ಕೊಡದೆಯೂ ವಸತಿ, ತರಗತಿ, ಪರೀಕ್ಷೆಯ ದಿನಾಂಕ ಬದಲಿಸುವಂತೆ ಕೇಳಬಹುದು. ಆದರೆ ಓದಿನ ಹೊರೆ ಇಳಿಸುವ ಮುನ್ನ ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಅನುಮತಿ ಪಡೆಯಬೇಕು. ಅದಿಲ್ಲದೆ ವಿಷಯಗಳನ್ನು ಕೈಬಿಟ್ಟರೆ ಎಫ್-1 ವೀಸಾಕ್ಕೆ ತೊಂದರೆಯಾಗುತ್ತದೆ.

ಸಮಿತಿ ಆಕೆಯ ವಿರುದ್ಧ ವರದಿ ಕೊಟ್ಟಿದೆ. ಇನ್ನೇನು ಉಳಿದಿದೆ?

ಮೊದಲು ವರದಿಯ ಪ್ರತಿ ಪಡೆಯಿರಿ. ಅದು ಇಬ್ಬರಿಗೂ ಸಿಗಬೇಕಾದದ್ದು. ಯುಜಿಸಿ ವಿನಿಯಮದಡಿ ಮೇಲ್ಮನವಿಗೆ ಶಿಫಾರಸಿನ ದಿನದಿಂದ 30 ದಿನ. ಪಾಶ್ ಕಾಯ್ದೆಯಲ್ಲಿ 90 ದಿನವಿದ್ದರೂ ಅದನ್ನು ನಂಬಿ ಕೂರದೆ ಚಿಕ್ಕ ಗಡುವನ್ನೇ ಹಿಡಿಯಿರಿ. ಮೇಲ್ಮನವಿಯಲ್ಲಿ “ಅನ್ಯಾಯವಾಗಿದೆ” ಎಂದಷ್ಟೇ ಬರೆದರೆ ಸಾಲದು: ಯಾವ ಸಾಕ್ಷಿಯನ್ನು ಕರೆಯಲಿಲ್ಲ, ಯಾವ ಸಂದೇಶವನ್ನು ನೋಡಲಿಲ್ಲ, ಯಾರು ಸಮಿತಿಯಲ್ಲಿ ಕೂರುವ ಅರ್ಹತೆ ಇಲ್ಲದೆ ಕೂತರು ಎಂಬುದನ್ನು ನೋಟ್‌ಬುಕ್ಕಿನ ದಿನಾಂಕಗಳ ಸಮೇತ ಬರೆಯಬೇಕು. ಸಂಸ್ಥೆಯ ಆಂತರಿಕ ತೀರ್ಮಾನ ಪೊಲೀಸ್ ತನಿಖೆಯನ್ನು ಕಟ್ಟಿಹಾಕುವುದಿಲ್ಲ, ಹೈಕೋರ್ಟಿನಲ್ಲಿ ರಿಟ್ ಅರ್ಜಿಗೂ ಅವಕಾಶವಿದೆ. ಇನ್ನು ಮುಂದೆ ಹೋಗುವುದಿಲ್ಲ, ಸಾಕು ಎಂದು ಆಕೆ ಹೇಳಿದರೆ, ಕಾಗದಗಳನ್ನೆಲ್ಲ ಒಂದು ಕಡತದಲ್ಲಿ ಸೇರಿಸಿ ಆಕೆಯ ಕೈಗೆ ಕೊಡಿ, ಮತ್ತು ಮುಂದಿನ ಸೆಮಿಸ್ಟರಿನ ಪರೀಕ್ಷಾ ಶುಲ್ಕದ ಕೊನೆಯ ದಿನ ಯಾವುದೆಂದು ಕೇಳಿ.